ಮೂರನೆಯ ಬುಟ್ಟಿ

ಸಿದ್ದಾಪುರ
೮ ಜೂನ್ ೨೦೨೫

ಎದುರು ಪಕ್ಷದ ಪ್ರೇಮಲತಾ ಅವರಿಗೆ,

ಕಳೆದ ವಾರ ದೂರವಾಣಿಯಲ್ಲಿ ನಾವಿಬ್ಬರೂ ಕೂಗಾಡಿದ್ದು ನಮ್ಮ ವಯಸ್ಸಿಗೆ ಒಪ್ಪುವ ಕೆಲಸವಲ್ಲ. ನನ್ನ ದನಿ ಕೇಳಿ, ಅಣ್ಣ ಪಾತಣ್ಣ ಕುರಿಹಟ್ಟಿಯಿಂದ ಕೋಲು ಹಿಡಿದು ಓಡಿಬಂದಿದ್ದ.

"ಯಾರ್‍ಲೇ ಅದು ಬಾಲ? ಜಮೀನಿನಾಗೆ ಪಾಲು ಕೇಳ್ತಾರೇನು?"

"ಇಲ್ಲಣ್ಣ. ರಾಜ್ಯದ ಬೊಕ್ಕಸ ಯಾಕೆ ಬರಿದಾತು ಅಂತ ಮಾತಾಡ್ತಿದ್ವಿ."

"ಅದೇನು ನಿಮ್ಮಿಬ್ರುದಾ?" ಎಂದು ಬೈದು, ಕೋಲನ್ನು ಹೆಗಲಿಗೇರಿಸಿ ಹೊರಟುಹೋದ.

ಆದ್ದರಿಂದ ಇನ್ನು ಮುಂದೆ ಕಾಗದದ ಮೇಲೆ ವಾದಿಸೋಣ. ಕಾಗದ ಕೂಗುವುದಿಲ್ಲ. ಚಿತ್ರದುರ್ಗದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾವು ಒಪ್ಪಿಕೊಂಡಿದ್ದ ನಿಯಮಗಳೇ ಇರಲಿ. ಕಾಗದಕ್ಕಾಗಿ ಹೊಸದೊಂದು ಸೇರಲಿ: ಪತ್ರ ತಲುಪಿದ ಇಪ್ಪತ್ತು ದಿನಗಳೊಳಗೆ ಉತ್ತರಿಸಬೇಕು. ಒಬ್ಬರು ಸೋಲೊಪ್ಪಿದರೂ ಇನ್ನೊಬ್ಬರು ಅದನ್ನು ಅಂಗೀಕರಿಸಿದ ಮೇಲೆಯೇ ಚರ್ಚೆ ಮುಗಿಯಿತೆಂದು ತಿಳಿಯಬೇಕು. ಇನ್ನೊಂದು ನೀವೇ ಮಾಡಿದ ನಿಯಮ: ಮನೆಯ ಮಾತನ್ನು ಸಾಕ್ಷ್ಯವಾಗಿ ತರಕೂಡದು. ಬರದಲ್ಲಿ ಸತ್ತ ನಮ್ಮಪ್ಪನ ನಲವತ್ತು ಕುರಿಗಳ ಕಥೆ ಹೇಳಿ ನಾನು ಸಭೆಯನ್ನೆಲ್ಲ ಅಳಿಸಿದ್ದೆ. ಆಗ ನೀವು ಎದ್ದು ನಿಂತು, "ಅಧ್ಯಕ್ಷರೇ, ಕಣ್ಣೀರು ವಾದವಲ್ಲ" ಎಂದಿರಿ. ಪಾರಿತೋಷಕ ನಿಮ್ಮ ಪಾಲಾಯಿತು. ನೀವು ಹೇಳಿದ್ದು ಸರಿ ಎಂದು ನನಗೆ ಅಂದೇ ಅನ್ನಿಸಿತ್ತು.

ವಿಷಯ: "ರಾಜ್ಯದ ಬೊಕ್ಕಸದ ಬಿಕ್ಕಟ್ಟಿಗೆ ಸರ್ಕಾರ ಹಂಚುವ ಹಣವೇ ಕಾರಣ." ಮೂವತ್ತೊಂದು ವರ್ಷ ಉಪಖಜಾನೆಯಲ್ಲಿ ಲೆಕ್ಕ ಬರೆದವನು ನಾನು. ಬರುವ ಹಣಕ್ಕೆ ಮೊದಲೇ ಹತ್ತು ಕೈಗಳು ಚಾಚಿರುವಾಗ ಹನ್ನೊಂದನೆಯ ಕೈಯನ್ನು ಕರೆದು ಕೂರಿಸಿದರೆ, ಹಿಂದಿನ ಸಾಲಿನವನು ಹಸಿದೇ ಏಳಬೇಕಾಗುತ್ತದೆ. ನನ್ನ ವಾದ ಇಷ್ಟೇ.

ವಿಷಯದ ಪರವಾಗಿ,
ಬಾಲರಾಜ್


ಚಳ್ಳಕೆರೆ
೧೯ ಜೂನ್ ೨೦೨೫

ಎದುರು ಪಕ್ಷದ ಬಾಲರಾಜ್ ಅವರಿಗೆ,

ನಿಯಮಗಳನ್ನು ಒಪ್ಪಿದ್ದೇನೆ. ಮೂರನೆಯದನ್ನು ನೀವು ಇನ್ನೂ ನೆನಪಿಟ್ಟುಕೊಂಡಿರುವುದು ಸಂತೋಷದ ಸಂಗತಿ. ಮೂವತ್ತು ವರ್ಷ ಅರ್ಥಶಾಸ್ತ್ರ ಬೋಧಿಸಿದವಳಾಗಿ ಹೇಳುತ್ತೇನೆ: ಎಲ್ಲರೂ ತಮ್ಮ ತಮ್ಮ ಮನೆಯ ಕಿಟಕಿಯಿಂದಲೇ ನೋಡಿದರೆ ಊರು ಕಾಣಿಸುವುದಿಲ್ಲ.

ಹಂಚಿದ ಹಣ ಗಾಳಿಗೆ ಹೋಗುವುದಿಲ್ಲ. ಅದು ಸಂತೆಗೆ ಬರುತ್ತದೆ, ಎಣ್ಣೆಯಾಗಿ ಬಟ್ಟೆಯಾಗಿ ತೆರಿಗೆಯ ರೂಪದಲ್ಲಿ ಮರಳುತ್ತದೆ. ಬಿಕ್ಕಟ್ಟಿನ ಬೇರನ್ನು ಹುಡುಕುವುದಾದರೆ ಹಳೆಯ ಸಾಲದ ಬಡ್ಡಿಯಲ್ಲಿ ಹುಡುಕಿ, ಇಲ್ಲಿಂದ ಕೇಂದ್ರ ಸರ್ಕಾರಕ್ಕೆ ಹೋದ ತೆರಿಗೆಯಲ್ಲಿ ಹಿಂದಿರುಗಿದ ಪಾಲಿನಲ್ಲಿ ಹುಡುಕಿ. ಮುದುಕಿಯೊಬ್ಬಳ ಸೆರಗಿನ ಗಂಟಿನಲ್ಲಿ ಹುಡುಕಬೇಡಿ.

ನಿಮ್ಮ ಲಕೋಟೆಯ ಮೇಲೆ ಚಳ್ಳಕೆರೆಯ ಅಂಚೆ ಮುದ್ರೆಯಿತ್ತು. ಪಾತಣ್ಣನವರು ಕಂಬಳಿ ಸಂತೆಗೆ ಬಂದಾಗ ಹಾಕಿರಬೇಕೆಂದು ಊಹಿಸಿದೆ. ಮುಂದಿನ ಸಲ ಬಂದರೆ ಮನೆಗೆ ಬರಹೇಳಿ, ಮಜ್ಜಿಗೆ ಕೊಡುತ್ತೇನೆ. ಮೇಲಿನ ಕೋಣೆಯ ಬಾಡಿಗೆದಾರರು ಬಿಟ್ಟುಹೋದರು. ಈಗ ಮನೆಯಲ್ಲಿರುವುದು ನಾನು ಮತ್ತು ನನ್ನ ತಂಗಿಯ ಮಗಳು ರಶ್ಮಿತಾ. ಅವಳು ಬೆಳಿಗ್ಗೆ ಆರಕ್ಕೇ ಕಾರು ಓಡಿಸಿಕೊಂಡು ಚಿತ್ರದುರ್ಗದ ಕೆಲಸಕ್ಕೆ ಹೋಗುತ್ತಾಳೆ. "ದೊಡ್ಡಮ್ಮ, ಪಕ್ಕದ ಸೀಟಿನಾಗೆ ಯಾರಾದ್ರೂ ಇದ್ರೆ ನಿದ್ದೆ ಬರಲ್ಲ" ಎಂದು ನನ್ನನ್ನು ದಿನವೂ ಪೀಡಿಸುತ್ತಾಳೆ. ಇದು ಮನೆಯ ಮಾತು. ಸಾಕ್ಷ್ಯವಾಗಿ ತಂದದ್ದಲ್ಲ.

ವಿಷಯದ ವಿರೋಧವಾಗಿ,
ಪ್ರೇಮಲತಾ


ಸಿದ್ದಾಪುರ
೨೬ ಜೂನ್ ೨೦೨೫

ಪ್ರೇಮಲತಾ ಅವರೇ,

ಈ ಪತ್ರವನ್ನು ಅಂಚೆಗೆ ಹಾಕುವ ಧೈರ್ಯ ನನಗಿದೆ ಎಂದು ತೋರುವುದಿಲ್ಲ. ಆದರೂ ಬರೆದುಬಿಡುತ್ತೇನೆ.

ಲಕೋಟೆ ಹಾಕಿದವನು ಪಾತಣ್ಣನಲ್ಲ, ನಾನು. ಕಳೆದ ದೀಪಾವಳಿಯಿಂದ ನನ್ನ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿವೆ. ಮಂಗಳವಾರ ಮತ್ತು ಶುಕ್ರವಾರ ನಿಮ್ಮ ಊರಿಗೇ ಬರುತ್ತೇನೆ. ಎಣ್ಣೆ ಗಿರಣಿಗಳ ಹಿಂದಿನ ಬೀದಿಯಲ್ಲಿ, ಸರ್ಕಾರದ ಹಣದಿಂದ ಖಾಸಗಿ ಸಂಸ್ಥೆಯೊಂದು ನಡೆಸುವ ಡಯಾಲಿಸಿಸ್ ಕೇಂದ್ರವಿದೆ. ಅಲ್ಲಿ ನಾಲ್ಕು ಗಂಟೆ ಮಲಗುತ್ತೇನೆ, ಯಂತ್ರ ನನ್ನ ರಕ್ತವನ್ನು ತೊಳೆದುಕೊಡುತ್ತದೆ. ನಾನು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಹೌದು, ಹಂಚುವ ಹಣದ ವಿರುದ್ಧ ವಾದಿಸುವವನೇ ಅದರಿಂದ ಉಸಿರಾಡುತ್ತಿದ್ದಾನೆ. ಬಸ್ಸು ತಿರುಗುವಾಗ ನಿಮ್ಮ ಮಾಳಿಗೆ ಕಾಣುತ್ತದೆ. ಕಳೆದ ಶುಕ್ರವಾರ ನೀಲಿ ಸೀರೆಯೊಂದು ಒಣಗುತ್ತಿತ್ತು.

ಆ ಸಂಸ್ಥೆಗೆ ಬರಬೇಕಾದ ಹಣ ತಿಂಗಳುಗಳಿಂದ ಬಂದಿಲ್ಲವಂತೆ. ಮೂರು ಯಂತ್ರಗಳಲ್ಲಿ ಒಂದು ಕೆಟ್ಟು ನಿಂತಿದೆ.

ಇದನ್ನು ತಿಳಿಸಿದರೆ ನೀವು ವಾದ ನಿಲ್ಲಿಸಿ ಹಣ್ಣು ಹಿಡಿದುಕೊಂಡು ಬರುತ್ತೀರಿ. ವಾರದ ಎರಡು ದಿನ ನಾನು ರೋಗಿ. ಉಳಿದ ಐದು ದಿನವಾದರೂ ನಿಮ್ಮ ಎದುರು ಪಕ್ಷದವನಾಗಿರಲು ಬಿಡಿ.

ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಮೂರು ಈಚಲ ಬುಟ್ಟಿಗಳಿದ್ದವು. ಅಂದೇ ತೀರಿಸುವ ಬಿಲ್ಲುಗಳಿಗೆ ಒಂದು, ಮರುದಿನದವಕ್ಕೆ ಒಂದು, "ನೋಡೋಣ" ಎಂದು ಬರೆದವಕ್ಕೆ ಮತ್ತೊಂದು. ನಿವೃತ್ತನಾದಾಗ ಮೂರನ್ನೂ ಮನೆಗೆ ತಂದೆ. ಇದು ಮೂರನೆಯದಕ್ಕೆ.

ನೋಡೋಣ. — ಬಾ.


ಸಿದ್ದಾಪುರ
೨ ಜುಲೈ ೨೦೨೫

ಎದುರು ಪಕ್ಷದ ಪ್ರೇಮಲತಾ ಅವರಿಗೆ,

ಅಂಚೆ ಮುದ್ರೆಯ ಕುರಿತ ನಿಮ್ಮ ಊಹೆಯನ್ನು ನಾನು ಅಲ್ಲಗಳೆಯಲು ಹೋಗುವುದಿಲ್ಲ.

ತೆರಿಗೆಯ ಪಾಲಿನ ಮಾತನ್ನು ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ನನ್ನ ಪ್ರಶ್ನೆ ಬೇರೆ. ಕಾರಣ ಯಾವುದೇ ಇರಲಿ, ಹಣ ಸಾಲದೆ ಬಂದಾಗ ಖಜಾನೆ ಮಾಡುವುದೇನು? ಯಾರಿಗೂ "ಇಲ್ಲ" ಎನ್ನುವುದಿಲ್ಲ, "ಆಮೇಲೆ" ಎನ್ನುತ್ತದೆ. ಮುಂದೂಡಿದ ಬಿಲ್ಲು ಲೆಕ್ಕಕ್ಕೆ ಬಾರದ ಸಾಲ. ಹಂಚಿಕೆಯ ದಿನಾಂಕ ತಪ್ಪಿದರೆ ಊರೆಲ್ಲ ಕೇಳುತ್ತದೆ. ಮುಂದೂಡಿದ ಬಿಲ್ಲನ್ನು ಕೇಳುವವರು ಯಾರು?

ವಿಷಯದ ಪರವಾಗಿ,
ಬಾಲರಾಜ್


ಚಳ್ಳಕೆರೆ
೧೫ ಜುಲೈ ೨೦೨೫

ಎದುರು ಪಕ್ಷದ ಬಾಲರಾಜ್ ಅವರಿಗೆ,

ನಿಮ್ಮ ಅಕ್ಷರ ಹಾಳಾಗುತ್ತಿದೆ. ಖಜಾನೆಯವರ ಕೈಬರಹ ಅಚ್ಚಿನಂತಿರುತ್ತದೆಂದು ಒಂದು ಕಾಲದಲ್ಲಿ ಹೊಟ್ಟೆಕಿಚ್ಚು ಪಡುತ್ತಿದ್ದೆ. ಈಗ ಸಾಲುಗಳು ಇಳಿಜಾರಿನಲ್ಲಿ ಹೋಗುತ್ತಿವೆ. ಸಿಟ್ಟಿನಲ್ಲಿ ಬರೆಯಬೇಡಿ.

"ಆಮೇಲೆ" ಎನ್ನುವುದನ್ನು ನೀವೇಕೆ ಪಾಪವೆಂದು ಭಾವಿಸುತ್ತೀರಿ? ಮನೆ ನಡೆಸುವ ಹೆಂಗಸು ಮಾಡುವುದೂ ಅದನ್ನೇ. ಮೊದಲು ಅಕ್ಕಿ, ಆಮೇಲೆ ಸುಣ್ಣಬಣ್ಣ. ಬಡವರ ಕೈಗೆ ಹಣ ಮೊದಲು ಹೋಗಲಿ, ಗುತ್ತಿಗೆದಾರರಿಗೆ ಆಮೇಲೆ.

ನೀವೇ ಬಿಲ್ಲು ತೀರಿಸುತ್ತಿದ್ದವರಲ್ಲವೇ? ನೀವು ಹೇಗೆ ವಿಂಗಡಿಸುತ್ತಿದ್ದಿರಿ? ಉದ್ಯೋಗದ ಅನುಭವ ಮನೆಯ ಮಾತಲ್ಲ. ಅದನ್ನು ಧಾರಾಳವಾಗಿ ತರಬಹುದು.

ವಿಷಯದ ವಿರೋಧವಾಗಿ,
ಪ್ರೇಮಲತಾ


ಸಿದ್ದಾಪುರ
೧೪ ಆಗಸ್ಟ್ ೨೦೨೫

ಎದುರು ಪಕ್ಷದ ಪ್ರೇಮಲತಾ ಅವರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಕೈ ನಡುಗುವುದು ಸಿಟ್ಟಿನಿಂದಲ್ಲ, ವಯಸ್ಸಿನಿಂದ.

ನೀವು ಕೇಳಿದ್ದಕ್ಕೆ ಉತ್ತರ ಬಸ್ಸಿನಲ್ಲಿ ಸಿಕ್ಕಿತು. ನನ್ನ ಮೇಜಿನ ಮೇಲೆ ಮೂರು ಬುಟ್ಟಿಗಳಿದ್ದವು: ಇಂದು, ನಾಳೆ, ನೋಡೋಣ. ಯಾರ ಬಿಲ್ಲು ಯಾವುದಕ್ಕೆಂದು ಬರೆದ ನಿಯಮವಿರಲಿಲ್ಲ. ಗಟ್ಟಿಯಾಗಿ ಕೇಳುವವರದು ಮೊದಲನೆಯದಕ್ಕೆ ಬೀಳುತ್ತಿತ್ತು. ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುತ್ತಿದ್ದ ಸೂರಮ್ಮ ಎಂಬಾಕೆಯ ಹಿಂಬಾಕಿ ಎಂಟು ತಿಂಗಳು ಮೂರನೆಯದರಲ್ಲಿತ್ತು. ತಿಂಗಳಿಗೊಮ್ಮೆ ಬಂದು ಬಾಗಿಲಲ್ಲಿ ನಿಂತು, ಬುಟ್ಟಿಗಳನ್ನು ನೋಡಿ, ಏನೂ ಕೇಳದೆ ಹೋಗುತ್ತಿದ್ದಳು. ಒಂದು ತಿಂಗಳು ಬರಲಿಲ್ಲ. ನಾನೂ ವಿಚಾರಿಸಲಿಲ್ಲ.

ಮೊನ್ನೆ ಸರ್ಕಾರಿ ಬಸ್ಸಿನಲ್ಲಿ ಅವಳೇ ಪಕ್ಕದ ಆಸನದಲ್ಲಿದ್ದಳು. ಖಾಸಗಿ ಬಸ್ಸುಗಳನ್ನು ಎರಡೆರಡು ಬಿಟ್ಟು ಇದಕ್ಕೇ ಕಾದಿದ್ದಳಂತೆ.

"ಖಜಾನೆ ಸಾಮಿ ಅಲ್ವೇನ್ರಿ ನೀವು? ಏನ್ ಇಷ್ಟು ಸೊರಗೀರಿ?"

"ಸೂರಮ್ಮ, ನಿನ್ನ ದುಡ್ಡು ಕಡೀಗೂ ಬಂತಾ?"

"ಬಂತು ಬಂತು. ನಮ್ಮ ಯಜಮಾನ್ರು ಹೋದ ಮೂರು ತಿಂಗ್ಳಿಗೆ ಬಂತು. ದಿವಸದ ಸಾಲಕ್ಕಾತು." ಆಮೇಲೆ ನಕ್ಕು ಚೀಟಿ ತೋರಿಸಿದಳು. "ಈಗ ನೋಡ್ರಿ, ಸೊನ್ನೆ ಟಿಕೀಟು! ಈ ಸರ್ಕಾರ ನನ್ನ ಮೊದ್ಲನೇ ಬುಟ್ಟಿಗೆ ಹಾಕೈತೆ."

ನಿರ್ವಾಹಕ ಅಂಜಿನೇಯ ಹಿಂದಿನಿಂದ ಕೂಗಿದ: "ಅಜ್ಜೀ, ಅದನ್ನ ಗಾಳಿಗೆ ಆಡಿಸ್ಬ್ಯಾಡ, ಹಾರಿಹೋದ್ರೆ ನನ್ನ ಕೆಲಸ ಹೋಗ್ತೈತೆ."

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಈ ಪ್ರಸಂಗ ನಿಮ್ಮ ವಾದವನ್ನು ಬಲಪಡಿಸುತ್ತದೋ ನನ್ನದನ್ನೋ ನನಗೆ ತಿಳಿಯಲಿಲ್ಲ. ಆದರೂ ಕೇಳುತ್ತೇನೆ: ಮೂರನೆಯ ಬುಟ್ಟಿಯಲ್ಲಿ ಏನಿದೆಯೆಂದು ನೋಡದೆ, "ಆಮೇಲೆ ಕೊಟ್ಟರಾಯಿತು" ಎನ್ನಬಹುದೇ?

ವಿಷಯದ ಪರವಾಗಿ,
ಬಾಲರಾಜ್


ಚಳ್ಳಕೆರೆ
೨೮ ಆಗಸ್ಟ್ ೨೦೨೫

ಎದುರು ಪಕ್ಷದ ಬಾಲರಾಜ್ ಅವರಿಗೆ,

ಸೂರಮ್ಮನ ಪ್ರಸಂಗ ಚೆನ್ನಾಗಿದೆ. ಅಷ್ಟೇ ಅಪಾಯಕಾರಿಯೂ ಆಗಿದೆ. ಮತ್ತೆ ನಲವತ್ತು ಕುರಿಗಳ ಹಾದಿ ಹಿಡಿದಿದ್ದೀರಿ. ಒಬ್ಬಳ ದುಃಖವನ್ನು ಮುಂದಿಟ್ಟು ಒಂದು ರಾಜ್ಯದ ಲೆಕ್ಕವನ್ನು ತೀರ್ಮಾನಿಸುತ್ತಿದ್ದೀರಿ.

ಅಡುಗೆಯವಳ ಸಂಬಳವನ್ನು ನಾನು ಹೇಳಲಿಲ್ಲ. ಸೇತುವೆ ಕಟ್ಟಿದವರು, ಕಟ್ಟಡ ಬಾಡಿಗೆಗೆ ಕೊಟ್ಟವರು, ಯಂತ್ರ ಪೂರೈಸಿ ನಡೆಸುವ ಸಂಸ್ಥೆಗಳು, ಇವರೆಲ್ಲ ಬಂಡವಾಳವುಳ್ಳವರು. ಅವರ ಬಿಲ್ಲು ಆರು ತಿಂಗಳು ನಿಂತರೆ ಯಾರ ಪ್ರಾಣವೂ ಹೋಗುವುದಿಲ್ಲ. ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಅಂಕಿ ಅಂಶಗಳೊಡನೆ ಕೊಡಿ. ಬಸ್ಸಿನ ಮಾತು ಬೇಡ.

ಅಂದ ಹಾಗೆ, ನೀವು ಬಸ್ಸು ಹತ್ತಿ ಹೋಗುತ್ತಿರುವುದೆಲ್ಲಿಗೆ?

ವಿಷಯದ ವಿರೋಧವಾಗಿ,
ಪ್ರೇಮಲತಾ


ಸಿದ್ದಾಪುರ
೧೪ ಸೆಪ್ಟೆಂಬರ್ ೨೦೨೫

ಪ್ರೇಮಲತಾ ಅವರೇ,

ಮೊನ್ನೆ ಶುಕ್ರವಾರ ಕೇಂದ್ರಕ್ಕೆ ಬೀಗ ಹಾಕಿತ್ತು. ಯಂತ್ರ ನೋಡಿಕೊಳ್ಳುವ ನಾಗರಾಜ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಜೊತೆಗೆ ಬಂದಿದ್ದ ನನ್ನ ಹೆಂಡತಿ ಪಾತಮ್ಮ ಅವನ ಮೇಲೆ ಹರಿಹಾಯ್ದಳು.

"ಏನಪ್ಪಾ, ಮುಂಚೇನೇ ಒಂದು ಮಾತು ಹೇಳ್ಬಾರ್ದಾ? ಇಷ್ಟು ದೂರದಿಂದ ಎಳಕೊಂಬಂದೀನಿ."

"ಏಳು ತಿಂಗ್ಳಿಂದ ಸಂಬಳ ಇಲ್ಲಮ್ಮ. ಸಂಸ್ಥೆಯೋರು ಸರ್ಕಾರದ ಕಡೆ ಕೈ ತೋರಿಸ್ತಾರೆ. ಔಷಧದ ನೀರೂ ಇಲ್ಲ, ನಾನೇನ್ ಮಾಡ್ಲಿ?" ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಸರ್, ಚಿತ್ರದುರ್ಗದಾಗೆ ನನ್ನ ಸ್ನೇಹಿತ ಅದಾನೆ, ಜಾಗ ಕೊಡಿಸ್ತೀನಿ. ಆದ್ರೆ ಬೆಳಿಗ್ಗೆ ಏಳಕ್ಕೆ ಅಲ್ಲಿರ್ಬೇಕು. ತಡ ಆದ್ರೆ ಬೇರೇರಿಗೆ ಕೊಟ್ಬಿಡ್ತಾರೆ."

ಸಿದ್ದಾಪುರದಿಂದ ಏಳಕ್ಕೆ ಚಿತ್ರದುರ್ಗ ತಲುಪಿಸುವ ಬಸ್ಸಿಲ್ಲ. ಚಳ್ಳಕೆರೆಯಿಂದ ಹೊರಡುವುದಾದರೆ ಸಾಧ್ಯ. ನಿಮ್ಮ ಮೇಲಿನ ಕೋಣೆ ಇನ್ನೂ ಖಾಲಿ ಇದೆಯೇ? ಈ ಬೀಗ ತೆರೆಯುವವರೆಗೆ ನನಗೂ ಪಾತಮ್ಮನಿಗೂ ಅಲ್ಲಿ ಇರಲು ಅವಕಾಶವಾದೀತೇ? ರಶ್ಮಿತಾಳ ಪಕ್ಕದಲ್ಲಿ ಕುಳಿತು ಅವಳಿಗೆ ನಿದ್ದೆ ಬಾರದಂತೆ ಮಾತಾಡಿಸುತ್ತೇನೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಇಷ್ಟು ಬರೆದು ನಿಮ್ಮ ಹಿಂದಿನ ಪತ್ರವನ್ನು ಮತ್ತೊಮ್ಮೆ ಓದಿದೆ. "ಯಾರ ಪ್ರಾಣವೂ ಹೋಗುವುದಿಲ್ಲ." ಈಗ ಇದನ್ನು ಕಳುಹಿಸಿದರೆ ನಿಮ್ಮ ವಾದಕ್ಕೆ ನನ್ನ ದೇಹವನ್ನೇ ಉತ್ತರವಾಗಿ ಇಟ್ಟಂತಾಗುತ್ತದೆ. ನೀವು ಸೋಲುತ್ತೀರಿ, ಆದರೆ ವಾದದಿಂದ ಸೋತಿರುವುದಿಲ್ಲ. ಆ ಗೆಲುವು ನನಗೆ ಬೇಡ. ಮೊದಲು ಚರ್ಚೆ ಮುಗಿಯಲಿ, ಆಮೇಲೆ ಸ್ನೇಹಿತನಾಗಿ ಕೇಳುತ್ತೇನೆ.

ನೋಡೋಣ. — ಬಾ.


ಸಿದ್ದಾಪುರ
೨ ಅಕ್ಟೋಬರ್ ೨೦೨೫

ಪ್ರೇಮಲತಾ ಅವರಿಗೆ,

ನಿಮ್ಮ ವಾದವನ್ನು ಒಪ್ಪಿದ್ದೇನೆ. ನಾನು ಸೋತೆ.

ದಯವಿಟ್ಟು ಅಂಗೀಕರಿಸಿ ಬೇಗ ಬರೆಯಿರಿ. ಅಂಗೀಕಾರವಾದ ಮೇಲೆ ಚರ್ಚೆಗೆ ಸಂಬಂಧಿಸದ ಒಂದು ಮಾತು ಹೇಳುವುದಿದೆ.

ಬಾಲರಾಜ್


ಚಳ್ಳಕೆರೆ
೧೩ ಅಕ್ಟೋಬರ್ ೨೦೨೫

ಎದುರು ಪಕ್ಷದ ಬಾಲರಾಜ್ ಅವರಿಗೆ,

ನಿಮ್ಮ ಸೋಲನ್ನು ನಾನು ಅಂಗೀಕರಿಸುವುದಿಲ್ಲ.

ಎರಡು ಸಾಲು! ಅಲ್ಪವಿರಾಮಕ್ಕೂ ವಾದ ಹೂಡುತ್ತಿದ್ದ ಮನುಷ್ಯ ಎರಡು ಸಾಲಿನಲ್ಲಿ ಸೋಲುತ್ತಾನೆಯೇ? ಹೆಂಗಸಿನೊಡನೆ ವಾದಿಸಿ ಬೇಸರವಾದಾಗ ಗಂಡಸರು ಕೊಡುವ ಭಿಕ್ಷೆ ಇದು. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ. ವಾರವಿಡೀ ಈ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ನೊಂದಿದ್ದೇನೆ. ನನ್ನ ವಾದದಲ್ಲಿ ತಪ್ಪಿದ್ದರೆ ತೋರಿಸಿ. ಇಲ್ಲವಾದರೆ ಏಕೆ ಒಪ್ಪಿದಿರೆಂದು ಕಾರಣ ಕೊಡಿ.

ನಿಮ್ಮ ಆ ಒಂದು ಮಾತು ಚರ್ಚೆ ನ್ಯಾಯವಾಗಿ ಮುಗಿಯುವವರೆಗೆ ಕಾಯಲಿ.

ವಿಷಯದ ವಿರೋಧವಾಗಿ,
ಪ್ರೇಮಲತಾ


ಚಳ್ಳಕೆರೆ
೧೦ ನವೆಂಬರ್ ೨೦೨೫

ಬಾಲರಾಜ್,

ಇಪ್ಪತ್ತು ದಿನ ಕಳೆದವು. ದೂರವಾಣಿ ಮಾಡಿದೆ, ಯಾರೂ ಎತ್ತಲಿಲ್ಲ. ಹಿಂದಿನ ಪತ್ರದಲ್ಲಿ ಕಟುವಾಗಿ ಬರೆದೆ. ಬರೆದ ಮರುದಿನವೇ ಹಾಗನ್ನಿಸಿತು, ಆದರೆ ಹಟ ಬಿಡಲಿಲ್ಲ.

ನಿಮ್ಮ ಸೋಲನ್ನು ಅಂಗೀಕರಿಸಿದ್ದೇನೆ. ಚರ್ಚೆ ಮುಗಿಯಿತು.

ಆ ಒಂದು ಮಾತು ಏನು?

ಪ್ರೇಮಲತಾ


ಸಿದ್ದಾಪುರ
೨೩ ನವೆಂಬರ್ ೨೦೨೫

ಮಾನ್ಯರೇ,

ನಾನು ಶಾಂತಕುಮಾರಿ, ಈ ಊರಿನ ಆಶಾ ಕಾರ್ಯಕರ್ತೆ. ಬಾಲರಾಜ್ ಅವರ ಪತ್ನಿ ಪಾತಮ್ಮನವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯುತ್ತಿದ್ದೇನೆ.

"ಕಾಗ್ದದ ಮೇಡಮ್ಮಾರಿಗೆ ಪಾತಮ್ಮ ಮಾಡೋ ಶರಣು. ನಮ್ಮ ಮನೆಯೋರು ಈ ತಿಂಗ್ಳು ನಾಕನೇ ತಾರೀಕು ಮಂಗ್ಳಾರ ತೀರ್‍ಕಂಡ್ರು. ನಿಮ್ಮ ಕಡೀ ಕಾಗ್ದ ಆಮ್ಯಾಲೆ ಬಂತು. ಶಾಂತಮ್ಮ ಓದಿ ಹೇಳಿದ್ಲು.

ಚಳ್ಳಕೆರೆ ಮಿಷಿನ್ ನಿಂತ ಮ್ಯಾಲೆ ಚಿತ್ರದುರ್ಗಕ್ಕೆ ಐದು ಸಲ ಗಾಡಿ ಮಾಡ್ಕಂಡು ಹೋದ್ವಿ. ಎರಡು ಸಲ ಸಿಕ್ತು. ಮೂರು ಸಲ ತಡ ಆತು, ಜಾಗ ಬೇರೇರಿಗೆ ಹೋಗಿತ್ತು. ಭಾವ ಪಾತಣ್ಣ ಎರಡು ಟಗರು ಮಾರಿದ್ರು. ಚಳ್ಳಕೆರೇಲಿ ಯಾರೂ ಇಲ್ವೇನ್ರಿ ಗೊತ್ತಿರೋರು, ಅಂತ ಕೇಳ್ದೆ. ಅದಾರೆ, ಆದ್ರೆ ಚರ್ಚೆ ಮುಗೀಲಿ ಅಂದ್ರು. ದಿನಾ ಪೋಸ್ಟಿನೋನ್ನ ಕೇಳೋರು. ನಿಮ್ಮ ಆ ಕಾಗ್ದ ಬಂದಾಗ ಎರಡು ಸಲ ಓದ್ಕಂಡು ಮಡಿಚಿಟ್ರು. ಏನಂತ್ರೀ ಅಂದೆ. ಇನ್ನೂ ಮುಗಿದಿಲ್ಲವಂತೆ, ಉತ್ತರ ಬರೀಬೇಕು ಅಂದ್ರು. ಪೆನ್ನು ಹಿಡಿಯಾಕೆ ಕೈಯಾಗ ಶಕ್ತಿ ಇರ್ಲಿಲ್ಲ.

ಅದೇನು ಚರ್ಚೇನಮ್ಮಾ? ನಂಗೂ ತಿಳಿಸ್ರಿ.

ಅವರ ಮೂರು ಬುಟ್ಟೀಲಿ ಎರಡು ನಾನು ಶೇಂಗಾ ಬೀಜಕ್ಕೆ ಇಟ್ಕಂಡೀನಿ. ಮೂರನೇದ್ರಾಗೆ ನಿಮ್ಮ ಹೆಸರಿಂದು ಎರಡು ಕಾಗ್ದ ಇದ್ವು, ಸ್ಟಾಂಪು ಹಚ್ಚಿದ್ವು. ಬುಟ್ಟಿ ಸಮೇತ ಕಳಿಸೀನಿ. ನಿಮ್ಮುದು ನಮ್ಮನ್ಯಾಗೆ ಯಾಕೆ?"

ಇಂತು,
ಪಾತಮ್ಮ (ಹೆಬ್ಬೆಟ್ಟಿನ ಗುರುತು)


ಚಳ್ಳಕೆರೆ
೧ ಡಿಸೆಂಬರ್ ೨೦೨೫

ಪಾತಮ್ಮನವರೇ,

ಬುಟ್ಟಿ ತಲುಪಿತು. ಎರಡೂ ಪತ್ರಗಳನ್ನು ಓದಿದೆ.

ಯಾವ ಚರ್ಚೆ ಎಂದು ಕೇಳಿದ್ದೀರಿ. ಸರ್ಕಾರದ ಬೊಕ್ಕಸ ಬರಿದಾದದ್ದು ಏಕೆ ಎಂಬುದರ ಮೇಲೆ ನಾವಿಬ್ಬರೂ ಐದು ತಿಂಗಳು ವಾದಿಸಿದೆವು. ಬಡ್ಡಿ ಎಂದೆ, ತೆರಿಗೆಯ ಪಾಲು ಎಂದೆ. ಅವರು ಹಂಚಿಕೆ ಎಂದರು. ಅವು ಯಾವುವೂ ಸುಳ್ಳಲ್ಲ. ಇಂದಿಗೂ ಅವುಗಳ ಪರವಾಗಿ ವಾದಿಸಬಲ್ಲೆ. ಆದರೆ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ಬರೆದವಳು ನಾನು. ಮನೆಯ ಮಾತು ಆಡಕೂಡದು ಎಂದು ಇಪ್ಪತ್ತನೆಯ ವಯಸ್ಸಿನಲ್ಲಿ ನಿಯಮ ಮಾಡಿದವಳೂ ನಾನೇ. ಅವರು ಅದನ್ನು ಕೊನೆಯವರೆಗೆ ಪಾಲಿಸಿದರು. ನನಗೆ ಗೆಲ್ಲುವ ಆಸೆಯಿತ್ತು. ಅವರ ಬರಹ ಹಾಳಾಗುತ್ತಿದೆಯೆಂದು ಆಡಿಕೊಂಡೆ. ಬಸ್ಸು ಎಲ್ಲಿಗೆ ಹೋಗುತ್ತಿದೆ ಎಂದು ಒಂದು ಸಾಲಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ವಾದಕ್ಕೆ ಮರಳಿದೆ.

ಮೊನ್ನೆ ಎಣ್ಣೆ ಗಿರಣಿಗಳ ಹಿಂದಿನ ಬೀದಿಗೆ ಹೋಗಿದ್ದೆ. ನಮ್ಮ ಮನೆಯಿಂದ ಹನ್ನೊಂದು ನಿಮಿಷದ ನಡಿಗೆ. ಬೀಗ ಹಾಗೆಯೇ ಇದೆ. ನನ್ನಿವಾಳದಿಂದ ಬಂದಿದ್ದ ಚಿಕ್ಕಕ್ಕ ಎಂಬ ಹೆಂಗಸು ಕಟ್ಟೆಯ ಮೇಲೆ ಕುಳಿತಿದ್ದಳು. ಬಾಗಿಲು ಎಂದು ತೆರೆಯುತ್ತದೆಂದು ನನ್ನನ್ನೇ ಕೇಳಿದಳು. ಅವಳನ್ನು ಮನೆಗೆ ಕರೆತಂದೆ. ನಾಳೆ ಬೆಳಿಗ್ಗೆ ಆರಕ್ಕೆ ರಶ್ಮಿತಾಳ ಪಕ್ಕದ ಆಸನದಲ್ಲಿ ಕುಳಿತು ಚಿತ್ರದುರ್ಗಕ್ಕೆ ಹೋಗುತ್ತಾಳೆ.

ಸೆಪ್ಟೆಂಬರ್ ಹದಿನಾಲ್ಕರ ಪತ್ರದಲ್ಲಿ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದಾರೆ. ತಲುಪಿದ ಇಪ್ಪತ್ತು ದಿನಗಳೊಳಗೆ ಉತ್ತರಿಸಬೇಕೆಂಬುದು ನಮ್ಮ ಕರಾರು. ನನಗೆ ಅದು ತಲುಪಿದ್ದು ಮೊನ್ನೆ ಶುಕ್ರವಾರ. ಆದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಶಾಂತಕುಮಾರಿಯವರಿಂದ, ನಿಮ್ಮ ಮನೆಯವರು ಕುಳಿತು ಬರೆಯುತ್ತಿದ್ದ ಜಾಗದಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿ.

ಬಾಲರಾಜ್, ಮೇಲಿನ ಕೋಣೆ ಸೆಪ್ಟೆಂಬರ್ ಹದಿನಾಲ್ಕರಂದು ಖಾಲಿ ಇತ್ತು. ನವೆಂಬರ್ ನಾಲ್ಕರಂದೂ ಖಾಲಿ ಇತ್ತು.

ಪ್ರೇಮಲತಾ